ಸರ್ಕಾರಿ ವಕೀಲರ ಹುದ್ದೆಗೆ ರೆಸ್ಯೂಮೆ ಬರೆಸಿಕೊಂಡೆ, 650 ಡಾಲರ್ ಹೋಯ್ತು

ಐದಕ್ಕೆ ಎರಡು ಸ್ಟಾರ್. ಆ ಎರಡೂ ಕವರ್ ಲೆಟರಿಗೆ.

ಅಮೆರಿಕದ ಸರ್ಕಾರಿ ಕೆಲಸಗಳಿಗೆ ದುಡ್ಡು ತಗೊಂಡು ರೆಸ್ಯೂಮೆ ಬರೆದುಕೊಡುವವರು ಇದ್ದಾರಲ್ಲ, ಅಂಥ ಒಂದು ಸರ್ವಿಸ್ ಬಗ್ಗೆ ಈ ರಿವ್ಯೂ. ಹೆಸರು ಬೇಡ ಬಿಡಿ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿ ದಿವಾಳಿ ಕೇಸುಗಳನ್ನೇ ನಡೆಸುತ್ತಿರುವ ವಕೀಲೆ. ಹೆಚ್ಚಾಗಿ ಸಾಲ ಕೊಟ್ಟವರ ಪರ. ಯುಎಸ್ ಟ್ರಸ್ಟಿ ಆಫೀಸಿನಲ್ಲಿ, ಅಂದರೆ ದಿವಾಳಿ ಕೇಸುಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಲ್ಲಿ, ಹಿರಿಯ ಟ್ರಯಲ್ ಅಟಾರ್ನಿ (ಕೋರ್ಟಿನಲ್ಲಿ ವಾದಿಸುವ ವಕೀಲರ) ಹುದ್ದೆ ಖಾಲಿ ಇದೆ ಅಂತ ಸರ್ಕಾರಿ ಕೆಲಸಗಳ ವೆಬ್‌ಸೈಟಾದ ಯುಎಸ್‌ಎಜಾಬ್ಸ್‌ನಲ್ಲಿ ನೋಡಿದೆ. ಬಹಳ ದಿನದಿಂದ ಕಣ್ಣಿಟ್ಟಿದ್ದ ಕೆಲಸ. ಕೋರ್ಟಿಗೆ ಬೇಕಾದ್ದನ್ನು ಎಷ್ಟು ಬೇಕಾದರೂ ಬರೆಯುತ್ತೇನೆ, ನನ್ನ ಬಗ್ಗೆ ಬರೆಯೋದು ಅಂದ್ರೆ ಮಾತ್ರ ಕೈ ಓಡುವುದಿಲ್ಲ. ಅದಕ್ಕೇ ಇವರ ಹತ್ತಿರ ಹೋಗಿದ್ದು.

ಶುರು ಚೆನ್ನಾಗಿಯೇ ಇತ್ತು. ಫೋನಿನಲ್ಲಿ ನಲವತ್ತು ನಿಮಿಷ ಮಾತಾಡಿದರು, ಒಳ್ಳೇ ಪ್ರಶ್ನೆಗಳನ್ನೇ ಕೇಳಿದರು, ಒಂದು ವಾರದಲ್ಲಿ ಡ್ರಾಫ್ಟ್ ಕೊಡುತ್ತೇವೆ ಅಂದರು. ಬಂದಿದ್ದು ಹನ್ನೊಂದು ದಿನಕ್ಕೆ. ಅರ್ಜಿ ಹಾಕಲು ಉಳಿದದ್ದು ಎರಡೇ ದಿನ. ಅದನ್ನೂ ಸಹಿಸಿಕೊಳ್ಳಬಹುದಿತ್ತು.

ಮುಖ್ಯ ತೊಂದರೆ ಬೇರೆ. ಈ ಕೆಲಸ ಏನು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಟ್ರಸ್ಟಿ ಅನ್ನುವ ಪದ ನೋಡಿ, ದಿವಾಳಿಯಾದವರ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವ ಕೆಲಸ ಅಂದುಕೊಂಡುಬಿಟ್ಟಿದ್ದಾರೆ. ಚಾಪ್ಟರ್ 7 ಕೇಸಿನಲ್ಲಿ, ಅಂದರೆ ಆಸ್ತಿ ಮಾರಿ ಸಾಲ ತೀರಿಸುವ ದಿವಾಳಿ ಕೇಸಿನಲ್ಲಿ, ಹಾಗೆ ಹಂಚುವವರು ಖಾಸಗಿ ಟ್ರಸ್ಟಿಗಳು. ಅವರನ್ನು ನೇಮಿಸಿ, ಅವರ ಮೇಲೂ ಕಣ್ಣಿಡುವುದು ಯುಎಸ್ ಟ್ರಸ್ಟಿ. ಇದು ನ್ಯಾಯ ಇಲಾಖೆಯ ಒಂದು ಭಾಗ. 1978ರ ಕಾನೂನಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮಾತ್ರ ಪ್ರಯೋಗ ಅಂತ ಶುರುವಾಗಿ, 1986ರಲ್ಲಿ ದೇಶಕ್ಕೆಲ್ಲ ಹರಡಿತು. ಅಲಬಾಮಾ, ನಾರ್ತ್ ಕ್ಯಾರೊಲೈನಾ ಮಾತ್ರ ಇವತ್ತಿಗೂ ಹೊರಗೆ. ಅಲ್ಲಿ ಕೋರ್ಟಿನವರದ್ದೇ ಬೇರೆ ವ್ಯವಸ್ಥೆ. ಈ ಆಫೀಸಿನ ವಕೀಲರು ಸಾಲ ಮಾಡಿದವರ ಪರವೂ ಅಲ್ಲ, ಕೊಟ್ಟವರ ಪರವೂ ಅಲ್ಲ. ಎಲ್ಲರೂ ನಿಯಮದ ಪ್ರಕಾರ ನಡೆದುಕೊಳ್ಳುತ್ತಿದ್ದಾರಾ ಅಂತ ನೋಡೋದೇ ಅವರ ಕೆಲಸ.

ಈಗ ನನ್ನ ರೆಸ್ಯೂಮೆಯ ಮೊದಲ ಸಾಲು ನೋಡಿ. 'ಕಕ್ಷಿದಾರರಿಗೆ ದಾಖಲೆ ಮೊತ್ತದ ವಸೂಲಿ ಮಾಡಿಕೊಟ್ಟವರು.' ಅದೂ ದಪ್ಪ ಅಕ್ಷರದಲ್ಲಿ! ಕಾವಲುಗಾರನ ಕೆಲಸ ಕೇಳಲು ಹೋಗಿ, ನಾನು ಎಷ್ಟು ಮೂಟೆ ಹೊತ್ತು ತಂದಿದ್ದೇನೆ ಗೊತ್ತಾ ಅಂದ ಹಾಗೆ.

ನಿಜಕ್ಕೂ ಮೇಲೆ ಬರಬೇಕಾಗಿದ್ದು ಬೇರೆಯೇ ಇತ್ತು. ಎದುರು ಕಕ್ಷಿಯವರು ಆಸ್ತಿ ಮುಚ್ಚಿಟ್ಟಿದ್ದಾರೆ ಅಂತ ದಿವಾಳಿ ಕಾನೂನಿನ ಸೆಕ್ಷನ್ 727ರ ಕೆಳಗೆ ಸಾಲಮನ್ನಾ ಕೊಡಬೇಡಿ ಎಂದು ಹೂಡಿದ ಎರಡು ದಾವೆಗಳು. ಸೆಕ್ಷನ್ 341ರ ಸಭೆಯಲ್ಲಿ, ಅಂದರೆ ಅರ್ಜಿ ಹಾಕಿದವರು ಪ್ರಮಾಣ ಮಾಡಿ ಉತ್ತರ ಕೊಡಬೇಕಾದ ಸಭೆಯಲ್ಲಿ, ನಾನು ಕೇಳಿದ ಪ್ರಶ್ನೆಗಳಿಂದ ಹೊರಬಂದ ಒಂದು ಸುಳ್ಳು ಲೆಕ್ಕ. ಚಾಪ್ಟರ್ 11 ಕೇಸೊಂದರಲ್ಲಿ, ಅಂದರೆ ವ್ಯವಹಾರ ಮುಚ್ಚದೆ ಸಾಲ ತೀರಿಸುವ ಯೋಜನೆ ಹಾಕಿಕೊಳ್ಳುವ ಕೇಸಿನಲ್ಲಿ, ವಕೀಲರ ಫೀ ಬಿಲ್ ಜಾಸ್ತಿಯಾಯ್ತು ಅಂತ ಹಾಕಿದ ಆಕ್ಷೇಪಣೆ. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಎಲ್ಲ ಸೇರಿ ಮೂರನೇ ಪುಟದಲ್ಲಿ 'ಇತರೆ' ಅನ್ನುವ ತಲೆಬರಹದ ಕೆಳಗೆ ಕೂತಿತ್ತು.

ಚಟ ಹಿಡಿಸುವ ನೋವಿನ ಮಾತ್ರೆಗಳ ವಿಷಯದಲ್ಲಿ ದಾವೆಗಳಿಗೆ ಸಿಕ್ಕಿದ್ದ ಔಷಧ ಕಂಪನಿ ಪರ್ಡ್ಯೂ ಫಾರ್ಮಾದ ಕೇಸಿನ ವಿಷಯವನ್ನೂ ಹೇಳಿದ್ದೆ, ಈ ಆಫೀಸು ಅಂದ್ರೆ ಏನು ಅಂತ ಗೊತ್ತಾಗಲಿ ಎಂದು. ಕಂಪನಿ ದಿವಾಳಿ ಅರ್ಜಿ ಹಾಕಿತ್ತು, ಮಾಲೀಕರಾದ ಸ್ಯಾಕ್ಲರ್ ಕುಟುಂಬ ಹಾಕಿರಲಿಲ್ಲ. ಆದರೂ ಅವರ ಮೇಲೆ ಇನ್ನು ಯಾರೂ ದಾವೆ ಹೂಡದ ಹಾಗೆ ರಕ್ಷಣೆ ಕೊಡುವ ಯೋಜನೆ ತಯಾರಾಗಿತ್ತು. ಸಾಲ ಬರಬೇಕಾದವರಲ್ಲೇ ಬಹಳ ಜನ ಒಪ್ಪಿದ್ದರು. ಯುಎಸ್ ಟ್ರಸ್ಟಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ತನಕ ಹೋದರು, 2024ರ ಜೂನ್‌ನಲ್ಲಿ ನ್ಯಾಯಮೂರ್ತಿಗಳ 5-4ರ ಬಹುಮತದಲ್ಲಿ ಗೆದ್ದರು. ಟೇಬಲ್ ಸುತ್ತ ಕೂತವರೆಲ್ಲ ಸರಿ ಅಂದಾಗಲೂ ಬೇಡ ಅನ್ನಬಲ್ಲ ವಕೀಲರು ಈ ಹುದ್ದೆಗೆ ಬೇಕು, ಅದು ನನ್ನ ರೆಸ್ಯೂಮೆಯಲ್ಲಿ ಕಾಣಬೇಕು ಅಂತ ಹೇಳಿದ್ದೆ. ಡ್ರಾಫ್ಟಿನಲ್ಲಿ ಬಂದಿದ್ದು 'ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಸ್ವಭಾವ'.

ಇನ್ನು ಪುಟಗಳ ಲೆಕ್ಕ. ಹಿಂದೆ ಸರ್ಕಾರಿ ರೆಸ್ಯೂಮೆ ಅಂದ್ರೆ ಐದಾರು ಪುಟ ಮಾಮೂಲಿ. 2025ರಲ್ಲಿ ಎರಡು ಪುಟದ ಮಿತಿ ಬಂತು. ನಾನು ನೋಡಿದ ಜಾಹೀರಾತಿನಲ್ಲೂ ಎರಡೇ ಪುಟ ಅಂತ ಸ್ಪಷ್ಟವಾಗಿ ಬರೆದಿತ್ತು, ಅದರ ಲಿಂಕನ್ನು ಮೊದಲ ದಿನವೇ ಕಳಿಸಿದ್ದೆ. ಇವರು ಕೊಟ್ಟಿದ್ದು ಐದು ಪುಟ. ಹುದ್ದೆಗೊಂದು ಹೊಸ ಜಾಹೀರಾತು ಬಂದರೂ ಹಳೇ ಅಚ್ಚಿಗೇ ಹಿಟ್ಟು ಒತ್ತುವುದು ಅಂದ್ರೆ ಇದೇ ಅಲ್ವಾ? ಕೇಳಿದರೆ 'ಸರ್ಕಾರದವರಿಗೆ ವಿವರ ಬೇಕಾಗುತ್ತೆ ಮೇಡಂ' ಅಂದರು. ವಾದ ಮಾಡುವಷ್ಟು ಹೊತ್ತಿರಲಿಲ್ಲ. ಕೊನೇ ದಿನ ಆಫೀಸಿಗೆ ರಜೆ ಹಾಕಿ ಕೂತು ನಾನೇ ಎರಡು ಪುಟ ಬರೆದೆ. ರಾತ್ರಿ 11:59ಕ್ಕೆ ಬಾಗಿಲು ಮುಚ್ಚುತ್ತಿತ್ತು, ನಾನು ಸಬ್ಮಿಟ್ ಒತ್ತಿದಾಗ 11:20. ಮಜಾ ಅಂದ್ರೆ, ಅವರ ಮೇಲಿನ ಸಿಟ್ಟಿಗೆ ಕೈ ಚೆನ್ನಾಗಿಯೇ ಓಡಿತು.

ಕವರ್ ಲೆಟರ್ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಅದನ್ನು ಬೇರೆಯವರು ಯಾರೋ ಬರೆದಿರಬೇಕು. ಖಾಸಗಿ ಸಂಸ್ಥೆಯ ಸಂಬಳ ಬಿಟ್ಟು ಯಾಕೆ ಹೋಗುತ್ತಿದ್ದೇನೆ ಅನ್ನುವುದನ್ನು ನಾಲ್ಕು ಸಾಲಿನಲ್ಲಿ, ತ್ಯಾಗದ ಮಾತಿಲ್ಲದೆ ಹೇಳಿದ್ದರು. ಒಂದು ಪದ ಬದಲಾಯಿಸಿ ಹಾಗೇ ಹಾಕಿದೆ.

ಅವರ ಇನ್ನೊಂದು ಸಲಹೆ ಕೇಳಿ. ಕೆಲಸ ಸಿಗುವ ಮೊದಲು ಹಿನ್ನೆಲೆ ತಪಾಸಣೆ ಇರುತ್ತದೆ, ಕ್ರೆಡಿಟ್ ಮತ್ತು ತೆರಿಗೆ ದಾಖಲೆಯನ್ನೂ ನೋಡುತ್ತಾರೆ. ಅದಕ್ಕೆ ಇವರು, ಹಿಂದೆ ಯಾವತ್ತಾದರೂ ನೀವೇ ದಿವಾಳಿ ಅರ್ಜಿ ಹಾಕಿದ್ದರೆ ಅಪ್ಲೈ ಮಾಡಲೇಬೇಡಿ ಅಂದರು. ನಾನು ಹಾಕಿಲ್ಲ. ಆದರೆ ದಿವಾಳಿಯಾಗಿದ್ದರು ಅನ್ನುವ ಒಂದೇ ಕಾರಣಕ್ಕೆ ಸರ್ಕಾರ ಕೆಲಸ ಕೊಡದೇ ಇರುವ ಹಾಗಿಲ್ಲ, ದಿವಾಳಿ ಕಾನೂನಿನ ಸೆಕ್ಷನ್ 525ರಲ್ಲೇ ಇದೆ. ಈ ಹುದ್ದೆಗೆ ಸಲಹೆ ಕೊಡುವವರಿಗೆ ಇಷ್ಟಾದರೂ ಗೊತ್ತಿರಬೇಡವಾ? ಯಾರೋ ಪಾಪ ಇದನ್ನು ನಂಬಿ ಸುಮ್ನೆ ಕೈಬಿಟ್ಟಿರುತ್ತಾರೆ.

ದುಡ್ಡು ವಾಪಸ್ ಕೇಳಿದೆ. ಎರಡು ಸಲ ತಿದ್ದಿಕೊಡುತ್ತೇವೆ, ವಾಪಸ್ ಕೊಡುವುದಿಲ್ಲ, ನೀವು ಸಹಿ ಹಾಕಿದ ಷರತ್ತಿನಲ್ಲೇ ಇದೆ ಅಂದರು. ಹೋಗಿ ನೋಡಿದರೆ ಇದೆ, ಏಳನೇ ಪ್ಯಾರಾದಲ್ಲಿ. ವಕೀಲೆಯಾಗಿ ನಾನೇ ಓದದೆ ಸಹಿ ಹಾಕಿದ್ದೆ, ಅದಕ್ಕೆ ಯಾರನ್ನು ಬೈಯಲಿ.

ಕಾಗದಪತ್ರದ ಕೆಲಸ, ಲೆಕ್ಕದ ಕೆಲಸಗಳಿಗೆ ಇವರು ಸಾಕಾಗಬಹುದೇನೋ, ನನ್ನ ಪರಿಚಯದವರೊಬ್ಬರಿಗೆ ಸರಿಹೋಗಿದೆ. ವಕೀಲರ ಹುದ್ದೆಗಾದರೆ ಕವರ್ ಲೆಟರ್ ಒಂದನ್ನೇ ಮಾಡಿಕೊಡುತ್ತೀರಾ ಅಂತ ಕೇಳಿ ನೋಡಿ. ನನಗೆ ಇಂಟರ್‌ವ್ಯೂ ಆಗಿದೆ, ಉತ್ತರ ಇನ್ನೂ ಬಂದಿಲ್ಲ. ಇವರಿಂದ ಮಾತ್ರ ನಿನ್ನೆ ಇಮೇಲ್ ಬಂತು, ಮುಂದಿನ ರೆಸ್ಯೂಮೆಗೆ 20 ಪರ್ಸೆಂಟ್ ರಿಯಾಯಿತಿಯಂತೆ.