ಮುಲುಂಡ್‌ನ ಕನ್ನಡ ಆಪ್ತಸಮಾಲೋಚನಾ ಕೇಂದ್ರ: ಸಿಟ್ಟನ್ನು ಅರಿಯಲು ಕಲಿಸುವ ಜಾಗ

ಮುಂಬೈನ ಮುಲುಂಡ್ ಪಶ್ಚಿಮದಲ್ಲಿ, ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿರುವ ಈ ಪುಟ್ಟ ಕೇಂದ್ರಕ್ಕೆ ನಾನು ಕಳೆದ ಮಳೆಗಾಲದಿಂದ ಹೋಗುತ್ತಿದ್ದೇನೆ. ಸಿಟ್ಟನ್ನು ನುಂಗಿಕೊಳ್ಳಬೇಕು, ಇಲ್ಲವೇ ಕೂಗಾಡಿ ತೀರಿಸಿಕೊಳ್ಳಬೇಕು ಎಂಬ ಎರಡೇ ದಾರಿಗಳನ್ನು ಕಂಡು ಬೆಳೆದವರಿಗೆ ಇಲ್ಲಿ ಮೂರನೆಯ ದಾರಿಯೊಂದನ್ನು ತಾಳ್ಮೆಯಿಂದ, ಕನ್ನಡದಲ್ಲಿಯೇ ತೋರಿಸಿಕೊಡುತ್ತಾರೆ.

ಇಲ್ಲಿನ ಕೆಲಸದ ತಿರುಳೆಲ್ಲ ಒಂದು ಸಾಧಾರಣ ನೋಟುಬುಕ್ಕಿನಲ್ಲಿದೆ. ನಡೆದದ್ದೇನು, ಆಗ ಮನಸ್ಸಿಗೆ ಬಂದದ್ದೇನು, ದೇಹಕ್ಕೆ ಏನಾಯಿತು, ಸಿಟ್ಟು ನೂರಕ್ಕೆ ಎಷ್ಟಿತ್ತು ಎಂಬುದನ್ನು ಗೆರೆ ಎಳೆದ ಪುಟದಲ್ಲಿ ಬರೆಯಬೇಕು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸಾ ವಿಧಾನದಿಂದ ಬಂದ ಅಭ್ಯಾಸವಿದು. ಮಗ ಹೇಳಿದ ಹೊತ್ತಿಗೆ ಮನೆಗೆ ಬಾರದೆ, ಫೋನನ್ನೂ ಎತ್ತದೆ ಇದ್ದ ರಾತ್ರಿ ನಾನು ಬರೆದದ್ದು ಹೀಗಿತ್ತು: ‘ಇವನಿಗೆ ನನ್ನ ಮಾತು ಲೆಕ್ಕಕ್ಕಿಲ್ಲ, ದವಡೆ ಬಿಗಿದಿದೆ, ಕಿವಿ ಬಿಸಿಯಾಗಿದೆ, 90.’ ಸಮಾಲೋಚಕಿ ಅದನ್ನು ತಪ್ಪೆನ್ನಲಿಲ್ಲ. ಆ ಹೊತ್ತಿನಲ್ಲಿ ಮಳೆ ಹೇಗಿತ್ತು ಎಂದಷ್ಟೇ ಕೇಳಿದರು. ಕುರ್ಲಾ ಬಳಿ ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಮುಂದೆ ಹೋಗದಿದ್ದುದನ್ನು ಬರೆಯುತ್ತಿದ್ದಂತೆ, ಅವನಿಗೆ ಏನಾಯಿತೋ ಎಂಬ ದಿಗಿಲೇ ಅಷ್ಟು ಹೊತ್ತೂ ಸಿಟ್ಟಾಗಿ ಕುದಿಯುತ್ತಿತ್ತು ಎಂಬುದು ನನಗೆ ಕಾಣಿಸಿತು. ಮುಂದೆ ಅವನು ತಡಮಾಡಿದಾಗ, ‘ನಂಗೆ ಹೆದರಿಕೆಯಾಯ್ತು ಮಾರಾಯ, ಒಂದು ಮೆಸೇಜು ಹಾಕು’ ಎಂದೆ. ಈಗ ತಪ್ಪದೆ ಹಾಕುತ್ತಾನೆ.

ಉಪದೇಶ ಕೊಡುವ ಬದಲು ಕಾರಣ ಹೇಳುವುದು ಇಲ್ಲಿನವರ ದೊಡ್ಡ ಗುಣ. ಭಾವನೆಯನ್ನು ಮುಖದಲ್ಲಿ ತೋರದಂತೆ ಅದುಮಿಟ್ಟರೂ ಒಳಗಿನ ಸಂಕಟ ಇಳಿಯುವುದಿಲ್ಲ, ದೇಹದ ಒತ್ತಡದ ಕೆಲವು ಲಕ್ಷಣಗಳು ಹೆಚ್ಚುತ್ತವೆ ಎಂಬುದನ್ನು ಮನೋವಿಜ್ಞಾನಿಗಳಾದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲಿ ಪ್ರಕಟಿಸಿದ ಪ್ರಯೋಗದ ಆಧಾರದಲ್ಲಿ ವಿವರಿಸಿದರು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ ಎಂದು ಕೈನಾಡಿ ಹಿಡಿಸಿಯೇ ತೋರಿಸಿದರು.

ಕೊರತೆಗಳೂ ಇವೆ. ಎರಡನೆಯ ಮಹಡಿಗೆ ಲಿಫ್ಟ್ ಇಲ್ಲದ್ದರಿಂದ ಮಂಡಿನೋವಿನ ಹಿರಿಯರು ಹತ್ತಲಾರರು. ಅದಕ್ಕಿಂತ ಗಂಭೀರವಾದದ್ದು ಎರಡು ಕೋಣೆಗಳ ನಡುವಿನ ತೆಳುವಾದ ಪ್ಲೈವುಡ್ ಗೋಡೆ. ಪಕ್ಕದಲ್ಲಿ ಅತ್ತವರ ದನಿ ನನಗೆ ಕೇಳಿಸಿದ ಮೇಲೆ ನನ್ನ ಮಾತೂ ತಗ್ಗಿತು. ಮನದಾಳದ ಮಾತು ಆಡಿಸುವ ಜಾಗದಲ್ಲಿ ಇದನ್ನು ಸಣ್ಣ ಸಂಗತಿಯೆಂದು ಬಿಡಲಾಗದು. ಸಂಜೆ ಏಳರ ನಂತರ ಸಮಯ ಸಿಗದಿರುವುದು ದೂರದ ದಕ್ಷಿಣ ಮುಂಬೈನ ಫೋರ್ಟ್ ಕಡೆ ನೌಕರಿ ಮಾಡುವವರಿಗೆ ತೊಂದರೆಯೇ ಸರಿ.

ನಿದ್ದೆ, ಊಟ ಕೆಟ್ಟು ಬದುಕೇ ಬೇಡವೆನ್ನಿಸುತ್ತಿರುವವರನ್ನು ಇಲ್ಲಿ ಬರೀ ಮಾತಿನಲ್ಲಿ ನಿಲ್ಲಿಸಿಕೊಳ್ಳದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ನೋಟುಬುಕ್ಕಿನ ಕೊನೆಯ ಪುಟದಲ್ಲಿ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಅಚ್ಚು ಹಾಕಿಸಿದ್ದಾರೆ. ಅದಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಆ ಗೋಡೆಯೊಂದನ್ನು ಸರಿಪಡಿಸಿದರೆ, ಮನೆಯವರೊಡನೆ ಸಿಟ್ಟಿನಿಂದ ಸೋತಿರುವ ಯಾರಿಗಾದರೂ ಈ ಕೇಂದ್ರವನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ.