ಪೊಟ್ಟಣವೋ, ಡ್ರಿಪ್ಪೋ: ಅಪ್ಪಯ್ಯನ ಬಾಯಿ ಕ್ಯಾನ್ಸರಿಗೆ ನಾವು ನೋಡಿದ ದಾರಿಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಸ್ಪತ್ರೆಯ ಡ್ರಿಪ್ಪಿಗೆ. ಆದರೂ ಮೂರನ್ನೂ ನೋಡಿಯಾಯಿತು.

ತೀರ್ಥಹಳ್ಳಿ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ. ಅಪ್ಪಯ್ಯನಿಗೆ ನಲವತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪಿನ ಚಟ. ಕೆನ್ನೆಯೊಳಗಿನ ಹುಣ್ಣು ಮಾಯದೆ ಗಂಟಾಯಿತು.

ಹೋಮಿಯೋಪಥಿ ಗುಳಿಗೆ, ಅರ್ಸೆನಿಕಂ ಆಲ್ಬಂ 30: ಹೆಸರಲ್ಲಿ ಮಾತ್ರ ಆರ್ಸೆನಿಕ್. ಗಂಟೂ ಹೋಗಲಿಲ್ಲ, ದುಡ್ಡೂ ಜಾಸ್ತಿ ಹೋಗಲಿಲ್ಲ.

ಕಷ್ಟ ಕೊಟ್ಟದ್ದು ಪೊಟ್ಟಣ. ಘಾಟಿ ಇಳಿದು ಆಸ್ಪತ್ರೆಯಲ್ಲಿ ಸಿಸ್ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ಡ್ರಿಪ್, ರೇಡಿಯೇಶನ್ ಶುರುಮಾಡಿದ ಮೇಲೆ ಚಿಕ್ಕಪ್ಪ ಯಾರೋ ನಾಟಿ ಔಷಧಿಯವರಿಂದ ತಂದರು. ಬೂದು ಬಣ್ಣದ ಪುಡಿ, ಹಳೇ ಪೇಪರಿನಲ್ಲಿ ಕಟ್ಟಿದ್ದು. ಮೇಲೆ ಹೆಸರಿಲ್ಲ, ಏನೇನು ಹಾಕಿದ್ದಾರೆ ಅಂತಿಲ್ಲ. ಜೇನಿನಲ್ಲಿ ಗುಲಗಂಜಿ ತೂಕದಷ್ಟು, ಬೆಳಿಗ್ಗೆ ಸಂಜೆ. ಪಥ್ಯದ ಪಟ್ಟಿ ಮಾತ್ರ ಉದ್ದ.

ಮೂರನೇ ಡ್ರಿಪ್ಪಿಗೆ ಹೋದಾಗ ಲಿವರ್ ಟೆಸ್ಟು ಏರಿತ್ತು. ಡಾಕ್ಟರು 'ಬೇರೆ ಏನಾದರೂ ತಗೊಳ್ತಿದ್ದೀರಾ?' ಎಂದರು. ಅಪ್ಪಯ್ಯ ಸುಮ್ನೆ ನೆಲ ನೋಡಿದರು. ನಾನು ಹೊರಗೆ ಬಂದು ಔಷಧಿಯವರಿಗೆ ಫೋನ್ ಮಾಡಿದೆ. 'ಶುದ್ಧಿ ಮಾಡಿದ ಪಾಷಾಣ ಇದೆ, ಹೆದರಬೇಡಿ. ದೊಡ್ಡಾಸ್ಪತ್ರೆಯವರೂ ಕ್ಯಾನ್ಸರಿಗೆ ಅದನ್ನೇ ಕೊಡ್ತಾರೆ' ಎಂದರು. ಎಷ್ಟಿದೆ ಎಂದರೆ ಉತ್ತರವಿಲ್ಲ. ತೋಟಕ್ಕೆ ಬೋರ್ಡೋ ಹೊಡೆಯುವಾಗ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅಂತ ಅಳೆಯುವ ಮನೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆತ ಹೇಳಿದ್ದು ಅರ್ಧ ನಿಜವಂತೆ. ಡಾಕ್ಟರು ಬೈಯದೆ ವಿವರಿಸಿದರು. ಪಾಷಾಣ ಅಂದರೆ ಆರ್ಸೆನಿಕ್. ಅದರ ಆರ್ಸೆನಿಕ್ ಟ್ರೈಆಕ್ಸೈಡ್ ರೂಪವನ್ನು 1970ರ ದಶಕದಲ್ಲಿ ಚೀನಾದ ಹಾರ್ಬಿನ್ ವೈದ್ಯರು ಬಳಸತೊಡಗಿದರು. 2000ದಲ್ಲಿ ಅಮೆರಿಕವೂ ಒಪ್ಪಿತು. ಆದರೆ ಅದು ಎಪಿಎಲ್ ಎಂಬ ರಕ್ತದ ಕ್ಯಾನ್ಸರಿಗೆ (ರೇಷನ್ ಕಾರ್ಡಿನ ಎಪಿಎಲ್ ಅಲ್ಲ, ನಾನು ಮೊದಲು ಹಾಗೇ ತಿಳಿದಿದ್ದೆ). ಆ ಕಾಯಿಲೆಗೆ ಕಾರಣವಾದ ಪ್ರೋಟೀನಿಗೇ ಆರ್ಸೆನಿಕ್ ಹೋಗಿ ಅಂಟಿ, ಅದನ್ನು ಇಲ್ಲವಾಗಿಸುತ್ತದೆ. ಕೆನ್ನೆಯ ಗಂಟಿನಲ್ಲಿ ಆ ಪ್ರೋಟೀನೇ ಇಲ್ಲ. ಲ್ಯಾಬಿನಲ್ಲಿ ಗಂಟಿನ ಕೋಶಗಳೂ ಆರ್ಸೆನಿಕ್‌ಗೆ ಸಾಯುತ್ತವೆ. ಆದರೆ ಅಷ್ಟನ್ನು ಗಂಟಿನೊಳಗೆ ಮುಟ್ಟಿಸಲು ಹೋದರೆ ಲಿವರು, ಹೃದಯ ಮೊದಲು ಕೈಕೊಡುತ್ತವೆ. ಲಿವರ್ ಕ್ಯಾನ್ಸರಿನವರಿಗೆ ಅದೊಂದನ್ನೇ ಕೊಟ್ಟು ನೋಡಿದಾಗಲೂ ಹೇಳಿಕೊಳ್ಳುವ ಫಲ ಸಿಗಲಿಲ್ಲ. ನ್ಯಾನೋ ಕಣಗಳಲ್ಲಿ ತುಂಬಿ ಗಂಟಿಗೇ ಕಳಿಸುವ ಸಂಶೋಧನೆ ನಡೆಯುತ್ತಿದೆ.

ರಕ್ತದ ಕ್ಯಾನ್ಸರಿಗೂ ದಿನಕ್ಕೆ ಕೆಜಿ ತೂಕಕ್ಕೆ 0.15 ಮಿಲಿಗ್ರಾಂ, ಅದೂ ಇಸಿಜಿ ನೋಡುತ್ತಾ. 52 ಕೆಜಿಯ ಅಪ್ಪಯ್ಯನಿಗೆ ಲೆಕ್ಕ ಹಾಕಿದರೆ ಎಂಟು ಮಿಲಿಗ್ರಾಂ ಕೂಡ ಆಗುವುದಿಲ್ಲ. ನಮ್ಮದು ಗುಲಗಂಜಿ ಲೆಕ್ಕ!

ಪುಡಿ ನಿಲ್ಲಿಸಿ, ಲಿವರ್ ಇಳಿಯುವವರೆಗೆ ಎರಡು ವಾರ ಡ್ರಿಪ್ ಮುಂದಕ್ಕೆ ಹೋಯಿತು. ಗಂಟಿಗೆ ಸಿಕ್ಕ ರಜೆ.

ಸಿಸ್ಪ್ಲಾಟಿನ್ನೇನು ಸಾಧುವಲ್ಲ. ವಾಂತಿ, ಕಿಡ್ನಿಯ ಭಯ, ಊಟ ಸೇರದು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್‌ನಲ್ಲಿ ಖರ್ಚು ಸುಧಾರಿಸಿತು. ಕೊಯ್ಲಿನ ಹೊತ್ತಲ್ಲಿ ರೂಮು ಮಾಡಿ ಕೂರಬೇಕಾದದ್ದೇ ನಮಗೆ ಭಾರ. ಆದರೂ ಪ್ರತಿ ಬಾಟಲಿಯ ಮೇಲೆ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ. ಲೆಕ್ಕ ಇಡುವ ನನ್ನಂಥವನಿಗೆ ಅಷ್ಟು ಸಾಕು.

ಉಳಿದ ಪುಡಿ ಅಟ್ಟದಲ್ಲಿ ಮೈಲುತುತ್ತದ ಪಕ್ಕ ಇದೆ. ಗೊಬ್ಬರದ ಗುಂಡಿಗೆ ಹಾಕಲು ಅಮ್ಮ ಬಿಡುತ್ತಿಲ್ಲ.