ಸಿಲ್ವರ್ ಓಕ್ ಹಲಗೆ ಮತ್ತು ಅದನ್ನು ಕೊಯ್ದುಕೊಟ್ಟ ಸಾಮಿಲ್

ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಯಂತ್ರಗಳ ಪಟ್ಟಿ ಬರೆಯುತ್ತಾರೆ. ಆದರೆ ಅಲ್ಲಿ ನಡೆಯುವ ಪ್ರತಿಯೊಂದು ಕೆಲಸದ ಭಾರವನ್ನೂ ಹೊರುವುದು ಮೇಜು. ಹೀಗಾಗಿ ನಮ್ಮ ಮೇಜಿಗೆ ಹಲಗೆ ಕೊಯ್ದುಕೊಟ್ಟ, ಚಿಕ್ಕಮಗಳೂರಿನ ಹೊರವಲಯದ ಒಂದು ಸಾಮಿಲ್ಲಿನ ಬಗ್ಗೆ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಅಲ್ಲಿ ಮರ ಕೊಯ್ಯುವ ಕೆಲಸ ಬಹಳ ಚೆನ್ನಾಗಿದೆ, ಲೆಕ್ಕ ನೇರವಾಗಿದೆ. ಆದರೆ ಮರ ಒಣಗಿದೆ ಎಂಬ ಅವರ ಮಾತನ್ನು ಪರೀಕ್ಷಿಸದೆ ಒಪ್ಪಬಾರದು.

ಮೇಜಿಗೆ ನಾವು ಆರಿಸಿಕೊಂಡದ್ದು ಸಿಲ್ವರ್ ಓಕ್. ಆಸ್ಟ್ರೇಲಿಯಾದ ಪೂರ್ವ ಭಾಗದಿಂದ ಬಂದ ಈ ಮರ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ಬೆಳೆದು ನಿಂತಿದೆ. ಕಾಂಡ ನೆಟ್ಟಗೆ ಬೆಳೆಯುವುದರಿಂದ ಗಂಟಿಲ್ಲದ ಉದ್ದ ಹಲಗೆ ಸುಲಭವಾಗಿ ದೊರೆಯುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಸಾಲಿನಲ್ಲಿ ಇದೂ ಇರುವುದರಿಂದ ಪೂರೈಕೆಗೆ ಕೊರತೆಯಿಲ್ಲ. ತೇಗ, ಹೊನ್ನೆಗೆ ಹೋಲಿಸಿದರೆ ಬೆಲೆಯೂ ಬಹಳ ಕಡಿಮೆ. ಗೆದ್ದಲಿಗೂ ಕೊರಕ ಹುಳಕ್ಕೂ ಬೇಗ ತುತ್ತಾಗುವುದು ಇದರ ದೊಡ್ಡ ದೋಷ. ಅದಕ್ಕಾಗಿ ಮೇಜಿನ ಕಾಲುಗಳನ್ನು ಮರದಲ್ಲಿ ಮಾಡದೆ, 50 ಮಿ.ಮೀ. ಕಬ್ಬಿಣದ ಆಂಗಲ್‌ನಲ್ಲಿ ಬೆಸೆದು, ರೆಡ್ ಆಕ್ಸೈಡ್ ಬಳಿದು ನಿಲ್ಲಿಸಿದೆವು.

ಸಾಮಿಲ್ಲಿನ ಮಾಲೀಕರು ದರ ಹೇಳುವುದಕ್ಕಿಂತ ಮೊದಲು ಹಲಗೆ ಯಾವ ಕೆಲಸಕ್ಕೆಂದು ಕೇಳಿದರು, ಇದು ನನಗೆ ಬಹಳ ಹಿಡಿಸಿತು. 6 ಅಡಿ ಉದ್ದ, 2 ಅಡಿ ಅಗಲ, 2 ಅಂಗುಲ ದಪ್ಪದ ಮೇಲ್ಭಾಗಕ್ಕೆ ಲೆಕ್ಕದಲ್ಲಿ 2 ಘನ ಅಡಿ ಮರ ಸಾಕು. ಕೀಸುವಾಗ ಹೋಗುವ ಭಾಗಕ್ಕೆಂದು ಅವರು ಸ್ವಲ್ಪವೇ ಹೆಚ್ಚು ಸೇರಿಸಿದರು, ಹೆಚ್ಚು ಮಾರುವ ಆತುರ ತೋರಲಿಲ್ಲ. ನನ್ನೊಡನೆ ಬಂದಿದ್ದ, ಬಡಗಿ ಕೆಲಸ ಬಲ್ಲ ಗೆಳೆಯ ದಿಮ್ಮಿಯ ನಡುವಿನ ತಿರುಳನ್ನು ಹಲಗೆಯಲ್ಲಿ ಉಳಿಸಬೇಡಿ ಎಂದಾಗ ಅದಕ್ಕೂ ಒಪ್ಪಿದರು. ಒಣಗುವಾಗ ಮರ ವರ್ಷವಲಯದ ಗುಂಟ ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು ಇರುತ್ತದೆ. ತಿರುಳು ಒಳಗುಳಿದ ಹಲಗೆ ಸೀಳುವುದು ಈ ಕಾರಣಕ್ಕೇ. ಬ್ಯಾಂಡ್ ಸಾ (ಪಟ್ಟಿ ಗರಗಸದ ಯಂತ್ರ) ಎಳೆದ ಹಲಗೆಗಳ ದಪ್ಪ ತುದಿಯಿಂದ ತುದಿಗೆ ಒಂದೇ ಸಮನಾಗಿತ್ತು. ತಿರುಳಿನಿಂದ ಹೊರಮುಖವಾಗಿ ಕೊಯ್ದ ಹಲಗೆಗಳ ಮೇಲೆ ಹೊಳೆಯುವ ಚುಕ್ಕೆಗಳ ಸಾಲು ಮೂಡಿದ್ದು, ಇಷ್ಟು ಅಗ್ಗದ ಮರದಲ್ಲಿ ಇಂಥ ಚೆಲುವಿರುವುದನ್ನು ನಮ್ಮ ಊರಿನವರೇ ಸರಿಯಾಗಿ ಗಮನಿಸಿಲ್ಲ ಎನ್ನಿಸುತ್ತದೆ.

ನನ್ನ ತಕರಾರು ತೇವಾಂಶದ ಬಗ್ಗೆ. ದಿಮ್ಮಿ ಬಹಳ ದಿನಗಳಿಂದ ಬಿದ್ದಿದೆ, ಹಲಗೆಯನ್ನು ನೇರವಾಗಿ ಬಳಸಬಹುದು ಎಂದು ಅವರು ಹೇಳಿದರು. ಕೊಯ್ಯದ ದಿಮ್ಮಿ ಬಹಳ ಕಾಲ ಬಿದ್ದಿದ್ದರೂ ಒಳಗೆ ಹಸಿಯಾಗಿಯೇ ಉಳಿದಿರಬಹುದು. ಒಂದು ತುಂಡನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಅಟ್ಟದ ಮೇಲಿಟ್ಟು, ಕೆಲವು ವಾರಗಳ ನಂತರ ಮತ್ತೆ ತೂಗಿದಾಗ ತೂಕ ಸ್ಪಷ್ಟವಾಗಿ ಇಳಿದಿತ್ತು. ತೇವಾಂಶ ನೋಡದೆ ಕಾಫಿಯ ಒಂದು ಮೂಟೆಯನ್ನೂ ಕೊಳ್ಳದ ಊರಿನಲ್ಲಿ ಮರಕ್ಕೆ ಆ ಪ್ರಶ್ನೆಯನ್ನೇ ಕೇಳದಿರುವುದು ಸರಿಯಲ್ಲ. ಅಳೆಯುವ ಸಣ್ಣ ಮೀಟರ್ ಒಂದನ್ನು ಸಾಮಿಲ್ಲಿನವರು ಇಟ್ಟುಕೊಂಡು, ಶೇ 15ಕ್ಕಿಂತ ಹೆಚ್ಚಿದ್ದರೆ ಗಿರಾಕಿಗೆ ಹೇಳಿಯೇ ಕೊಡಬೇಕು.

ಹಲಗೆಗಳ ನಡುವೆ ಗಾಳಿಯಾಡುವಂತೆ ರೀಪಿನ ತುಂಡುಗಳನ್ನಿಟ್ಟು, ಬಿಸಿಲು ನೇರವಾಗಿ ಬೀಳದ ಕಡೆ ಪೇರಿಸಿ, ತೂಕ ಇಳಿಯುವುದು ನಿಂತ ಮೇಲೆಯೇ ಗೆಳೆಯರೆಲ್ಲ ಸೇರಿ ಕೀಸುಳಿ ಹಿಡಿದೆವು. ಎತ್ತರವನ್ನು ನಿರ್ಧರಿಸಿದವರು ಫಿಟ್ಟರ್ ಆಗಿ ನಿವೃತ್ತರಾದ ಹಿರಿಯ ಗೆಳೆಯರು: ಮರಗೆಲಸಕ್ಕೆ ಮೇಜು ಮಣಿಕಟ್ಟಿನ ಮಟ್ಟದಲ್ಲಿರಬೇಕು, ಅರ ಹಾಕುವುದಕ್ಕೆ ವೈಸಿನ (ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಸಾಧನ) ಬಾಯಿ ಮೊಣಕೈ ಮಟ್ಟದಲ್ಲಿರಬೇಕು, 34 ಅಂಗುಲದ ಮೇಜಿನ ಮೇಲೆ ವೈಸ್ ಕೂರಿಸಿದಾಗ ನನ್ನ ಎತ್ತರಕ್ಕೆ ಎರಡೂ ಹೊಂದಿದವು. ವಿದ್ಯುತ್ ಕೆಲಸ ಬಲ್ಲ ಗೆಳೆಯ ಮನೆಯ ಬೋರ್ಡಿನಿಂದ ಪ್ರತ್ಯೇಕ ಲೈನ್ ಎಳೆದು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ನೆಲಕ್ಕೆ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿದ. ಮಳೆಗಾಲದಲ್ಲಿ ನೆಲ ಒದ್ದೆಯಾಗುವ ಶೆಡ್ಡಿಗೆ ಇದು ಕಡ್ಡಾಯ.

ಆಂಗಲ್‌ನಲ್ಲಿ ಬೋಲ್ಟಿನ ತೂತುಗಳನ್ನು ದುಂಡಗೆ ಕೊರೆಯದೆ, ಮೇಜಿನ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದದ್ದರಿಂದ ಆಷಾಢದ ತೇವಕ್ಕೆ ಹಲಗೆ ಹಿಗ್ಗಿದರೂ ಮೇಲ್ಮೈ ಸೊಟ್ಟಗಾಗಲಿಲ್ಲ, ರಸಮಟ್ಟ ಇಟ್ಟು ನೋಡಿದರೆ ಈಗಲೂ ಸಮವಾಗಿದೆ. ಇದೇ ಸಾಮಿಲ್ಲಿಗೆ ಮುಂದೆ ಕಪಾಟಿನ ಹಲಗೆಗೂ ಹೋಗುತ್ತೇನೆ. ಆದರೆ ಡಿಸೆಂಬರ್‌ನಲ್ಲೇ ಕೊಯ್ಸಿ, ಮುಂಗಾರಿಗೆ ಮುನ್ನ ಬೇಸಿಗೆಯ ಗಾಳಿಗೆ ಒಣಗುವಷ್ಟು ಕಾಲ ಕೊಡುತ್ತೇನೆ, ಕೊಳ್ಳುವವರಿಗೂ ಅದನ್ನೇ ಹೇಳುತ್ತೇನೆ.